ಒಳಗೆ ಬರೆದಿಟ್ಟ ನಾಲ್ಕು ಸಾಲು

ಅವನು ಸತ್ತ ಸುದ್ದಿ ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ನಾದುವುದನ್ನು ನಿಲ್ಲಿಸಲಿಲ್ಲ. ಹನ್ನೆರಡೂವರೆಗೆ ಊಟಕ್ಕೆ ಜನ ಬರುತ್ತಾರೆ, ಯಾರು ಸತ್ತರೂ ಬರುತ್ತಾರೆ. ಸುದ್ದಿ ತಂದವಳು ನನ್ನ ಸೊಸೆ. ಅವಳೇ ಅತ್ತಳು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಮಣ್ಣು ಯಾವಾಗಂತ?" ಎಂದು ಕೇಳಿದೆ. ಲಕ್ಷ್ಮೇಶ್ವರದಲ್ಲಿ, ಅವತ್ತೇ ಮಧ್ಯಾಹ್ನ ಎಂದಳು. ನಾನು ಹೋಗಲಿಲ್ಲ. ಅವನ ಮುಖದ ಮುಂದೆ ನಿಂತು ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತಿತ್ತು. ಕ್ಷಮಿಸಿಲ್ಲ ಎಂದರೂ ಸುಳ್ಳೇ.

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಗದಗಿನಲ್ಲಿ ಖಾನಾವಳಿ ನಡೆಸಿ ಮಕ್ಕಳನ್ನು ಬೆಳೆಸಿದೆ, ಮೊಮ್ಮಕ್ಕಳನ್ನೂ ಕಂಡೆ. ಅವನ ಹೆಸರು ಬರೆಯುವುದಿಲ್ಲ, ಅವನ ಅಣ್ಣತಮ್ಮಂದಿರು ಊರಲ್ಲಿ ತಲೆ ಎತ್ತಿ ಓಡಾಡಬೇಕು. ಖಾನಾವಳಿಯ ಎದುರಿಗಿನ ಆಸ್ಪತ್ರೆಯ ಹೆಸರೂ ಬೇಡ. ಆ ಆಸ್ಪತ್ರೆಯಲ್ಲಿ ಕಿಡ್ನಿ ಕೆಟ್ಟವರ ರಕ್ತ ತೊಳೆಯುವ ಯಂತ್ರಗಳಿವೆ, ಡಯಾಲಿಸಿಸ್ ಎನ್ನುತ್ತಾರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು, ನಾಲ್ಕು ತಾಸು ಮಲಗಿ, ಬಾಡಿದ ಮುಖ ಹೊತ್ತು ಮರಳುತ್ತಾರೆ. ಯಂತ್ರ ಕಡಿಮೆ, ಜನ ಹೆಚ್ಚು. ಯಾರಿಗೆ ಯಾವತ್ತು ಯಾವ ಯಂತ್ರ ಎಂಬ ಪಾಳಿಯನ್ನು ಕಂಪ್ಯೂಟರ್ ಹೇಳುತ್ತದೆ. ಆ ಕಂಪ್ಯೂಟರಿಗೆ ಹೇಳಿಕೊಟ್ಟವನು ಅವನು.

ಮೊದಲ ಸಲ ಬಂದಾಗ ನಲವತ್ತರ ಆಸುಪಾಸಿನಲ್ಲಿದ್ದ. ಬೆಟಗೇರಿಯಲ್ಲಿ ಬಾಡಿಗೆ ಕೋಣೆ, ರವಿವಾರ ಲಕ್ಷ್ಮೇಶ್ವರಕ್ಕೆ ತಾಯಿಯ ಹತ್ತಿರ. ಮದುವೆ ಯಾಕಾಗಿಲ್ಲ ಎಂದು ಕೇಳಿದೆ. "ಆಗಲಿಲ್ರಿ ಅಕ್ಕಾರ" ಎಂದ, ಉಪ್ಪಿನಕಾಯಿ ಬೇಡ ಎಂದಷ್ಟೇ ಸಲೀಸಾಗಿ. ಮತ್ತೆ ಕೇಳಲಿಲ್ಲ. ಗೋಡೆಯ ಕಡೆಯ ಮೂಲೆಯಲ್ಲೇ ಕೂರುತ್ತಿದ್ದ. ಅಲ್ಲಿ ಬೇರೆಯವರು ಕುಳಿತಿದ್ದರೆ ಅವರು ಏಳುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದ. ಒಣಗಿ ಗರಿಗರಿಯಾದ ಕಟಕ ರೊಟ್ಟಿ ಬಡಿಸಿದರೆ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಪಲ್ಯ ಬಾಯಿಗಿಟ್ಟು ಯಾರ ಕೈಯದು ಎಂದು ಹೇಳಿಬಿಡುತ್ತಿದ್ದ.

"ಇವತ್ತ ನಿಮ್ಮ ಸೊಸಿ ಮಾಡ್ಯಾರ."

"ಹೆಂಗ ಗೊತ್ತಾತು?"

"ನಿಮ್ಮ ಸಿಟ್ಟ ಇಲ್ಲ ಇದರಾಗ."

ಇಷ್ಟು ಮಾತು ಬರುತ್ತಿದ್ದುದು ನನ್ನ ಹತ್ತಿರ ಮಾತ್ರ. ಆಸ್ಪತ್ರೆಯವರ ಜೊತೆ ಅವನ ನಾಲಿಗೆ ಚೂರಿ. ಕೌಂಟರಿನ ಹುಡುಗಿಯರು ಏನಾದರೂ ತಪ್ಪು ಒತ್ತಿದರೆ, "ಕಣ್ಣ ಮನ್ಯಾಗ ಬಿಟ್ಟ ಬಂದೀರೇನು?" ಎಂದು ಎಲ್ಲರೆದುರು ಕೇಳುತ್ತಿದ್ದನಂತೆ. ಅವರಲ್ಲಿ ಒಬ್ಬಳು ನನ್ನ ಖಾನಾವಳಿಗೆ ಬಂದು ಅತ್ತದ್ದನ್ನು ನೋಡಿದ್ದೇನೆ. ಒಳ್ಳೆಯವನು ಎಂದು ಬರೆದುಬಿಡುವುದು ಸುಲಭ. ಅವನು ಸರಿಯಾದವನು, ಒಳ್ಳೆಯವನೋ ಅಲ್ಲವೋ ಎನ್ನುವುದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಅವನ ಕೆಲಸ ಏನೆಂದು ನನಗೆ ತಿಳಿದದ್ದು ಉಪ್ಪಿನಿಂದ. ಡಯಾಲಿಸಿಸ್‌ನವರಿಗೆ ಉಪ್ಪು ಆಗದು. ಎಲ್ಲ ಪಲ್ಯವನ್ನೂ ಉಪ್ಪಿಲ್ಲದೆ ಬೇಯಿಸಿ, ಬಡಿಸುವಾಗ ಯಾರಿಗೆ ಬೇಕೋ ಅವರಿಗೆ ಉಪ್ಪು ಕಲಸಿ ಹಾಕುವುದು ನಮ್ಮ ಪದ್ಧತಿ. ಬಡಿಸುವವರು ಮೂವರು. ಒಂದು ದಿನ ಹೊಸದಾಗಿ ಬಂದವಳು ಒಬ್ಬ ರೋಗಿಯ ತಾಟಿಗೆ ಎಲ್ಲರಂತೆ ಉಪ್ಪು ಕಲಸಿದ ಪಲ್ಯ ಹಾಕಿದಳು. ಅವನು ಪಕ್ಕದಲ್ಲೇ ಇದ್ದ. ತಾಟು ಎಳೆದುಕೊಂಡುಬಿಟ್ಟ.

"ಅಕ್ಕಾರ, ಬಡಸೂ ಕೈ ಮೂರು. ಮೂರೂ ಕೈಗೆ ನೆನಪ ಇರಬೇಕಂದ್ರ ಒಂದ ದಿನ ತಪ್ಪತೈತಿ. ಉಪ್ಪಿಲ್ಲದ್ದ ಒಳಗ ಬ್ಯಾರೆ ಬೋಗುಣ್ಯಾಗ ಮಾಡಿ ಇಡ್ರಿ. ಬಡಸಾಕಿ ಬಂದು, ಪೇಷಂಟಿನ ತಾಟು ಅನ್ನಲಿ. ಏನ ಹಾಕಬೇಕು ಅನ್ನೂದು ಒಳಗಿನವ್ರು ನೋಡ್ಲಿ."

"ಬಡಸಾಕಿ ಮುಖ ನೋಡಿ ಹಾಕ್ತಾಳ ತಮ್ಮಾ. ಒಳಗ ಕುಂತಾಕಿಗೆ ಮುಖ ಎಲ್ಲೆ ಕಾಣತೈತಿ?"

"ಮುಖ ನೋಡಿ ಹಾಕಿದ್ದ ಈಗ ನೋಡಿದ್ರಲ್ಲಾ."

ಅವನ ಕಂಪ್ಯೂಟರಿನ ಜಗಳವೆಲ್ಲ ಇಷ್ಟೇ ಎಂದು ಆಮೇಲೆ ತಿಳಿಯಿತು. ಲೆಕ್ಕವಿಲ್ಲದಷ್ಟು ರೋಗಿಗಳ ವಿವರ ತುಂಬಿದ ಒಂದು ಉಗ್ರಾಣವಿದೆ, ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಅದಕ್ಕೆ ಮೂರು ಬಾಗಿಲು: ಆಸ್ಪತ್ರೆಯ ಕೌಂಟರ್, ನರ್ಸುಗಳ ಕೋಣೆಯ ಕಂಪ್ಯೂಟರ್, ರೋಗಿಗಳ ಮೊಬೈಲ್. ಪಾಳಿಯ ನಿಯಮವನ್ನೆಲ್ಲ ಅವನು ಉಗ್ರಾಣದ ಒಳಗೇ ಬರೆದಿಟ್ಟಿದ್ದ. ಯಾವ ಬಾಗಿಲಿಂದ ಕೇಳಿದರೂ ಒಳಗಿನಿಂದ ಒಂದೇ ಉತ್ತರ ಬರುತ್ತದೆ. ಅದಕ್ಕೆ ಸ್ಟೋರ್ಡ್ ಪ್ರೊಸೀಜರ್ ಎಂದು ಹೆಸರು. ನನ್ನ ಬಾಯಿಗೆ ಪ್ರೊಸೀಜರ್ ಅಷ್ಟೇ ಬಂತು. ಇನ್ನೊಂದು ಪದ್ಧತಿಯಲ್ಲಿ ಉಗ್ರಾಣದಲ್ಲಿ ಬರೀ ಸಾಮಾನು ಇರುತ್ತದೆ. ಒಂದೊಂದು ಬಾಗಿಲಿನ ಪ್ರೋಗ್ರಾಮಿನಲ್ಲೂ, ಒಳಗೆ ಹೋಗಿ ಏನು ಹುಡುಕಬೇಕು, ಯಾರನ್ನು ಮೊದಲು ಕರೆಯಬೇಕು ಎಂದು ಬೇರೆಬೇರೆ ಬರೆದಿರುತ್ತಾರೆ.

ನಾನು ಬೋಗುಣಿ ಬೇರೆ ಮಾಡಿದೆ. ಒಲೆಯ ಎಡಕ್ಕಿರುವುದು ಉಪ್ಪಿಲ್ಲದ್ದು, ಬಲಕ್ಕಿರುವುದು ಉಪ್ಪಿನದು. ಎರಡು ವರ್ಷ ಒಂದು ತಪ್ಪೂ ಆಗಲಿಲ್ಲ. ಆಮೇಲೆ ನನ್ನ ಕಣ್ಣಿನ ಪೊರೆ ತೆಗೆಸಲು ಹೋಗಿ ಎಂಟು ದಿನ ಮಲಗಿದೆ. ಯಾವುದು ಯಾವ ಕಡೆ ಎಂದು ಸೊಸೆಗೆ ಹೇಳಿಯೇ ಇರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಒಳಗೆ ನಾನೇ ಇರುತ್ತಿದ್ದೆನಲ್ಲ. ಅವಳು ಹೆದರಿ ಎರಡಕ್ಕೂ ಉಪ್ಪು ಹಾಕದೆ ಎಂಟು ದಿನ ಇಡೀ ಖಾನಾವಳಿಗೆ ಸಪ್ಪೆ ಉಣ್ಣಿಸಿದಳು. ಮಾಮೂಲಿ ಗಿರಾಕಿಗಳು ನನ್ನ ಕಣ್ಣಿಗಿಂತ ಹೆಚ್ಚು ನನ್ನ ಬುದ್ಧಿಯನ್ನು ಆಡಿಕೊಂಡರು.

"ಇದು ನಿನ್ನ ಪ್ರೊಸೀಜರ್" ಎಂದೆ ಅವನಿಗೆ. "ನಾ ಎಂಟ ದಿನ ಮಲಗಿದ್ದಕ್ಕ ಹಿಂಗಾತು. ನೀ ಸತ್ರ?"

ನಕ್ಕ. "ನಾ ಎಲ್ಲಾ ಬರದ ಇಟ್ಟೀನ್ರಿ ಅಕ್ಕಾರ."

"ಯಾರಿಗೆ ತಿಳಿಯೂ ಹಂಗ ಬರದೀ?"

ಅವನು ರೊಟ್ಟಿ ಮುರಿದ.

ನನ್ನ ತಂಗಿಯ ವಿಷಯಕ್ಕೆ ಬರಬೇಕು. ಅವಳನ್ನು ಹಮ್ಮಿಗಿಗೆ ಕೊಟ್ಟಿತ್ತು. ಹೊಳೆಯ ದಂಡೆಯ ಊರಿನ ಹೆಂಗಸು, ಕಿಡ್ನಿ ಹೋದ ಮೇಲೆ ದಿನಕ್ಕೆ ಎರಡು ಲೋಟ ನೀರಿನ ಮೇಲೆ ಬದುಕಿದಳು. ವಾರಕ್ಕೆ ಎರಡು ಸಲ ಗದಗಿಗೆ ಬಂದು ಯಂತ್ರಕ್ಕೆ ಮಲಗಿ, ನನ್ನಲ್ಲಿ ಉಂಡು ಹೋಗುತ್ತಿದ್ದಳು. ಇವನಿಗೆ ಅವಳೆಂದರೆ ಆಗುತ್ತಿತ್ತು. ಅವಳೂ ಸುಮ್ಮನಿರುವವಳಲ್ಲ.

"ಏನ್ರಿ ಕಂಪ್ಯೂಟರ್ ಸಾಹೇಬ್ರ, ನಿಮ್ಮ ಮಿಷನ್ ನನ್ನ ರಕ್ತಾ ತೊಳದು ತೊಳದು ಬೆಳ್ಳಗ ಮಾಡೇತಿ. ಮದಿವ್ಯಾಗರ ಹಿಂಗ ಬೆಳ್ಳಗಿದ್ದಿದ್ರ ಛಲೋ ಇತ್ತು ನೋಡ್ರಿ."

ಒಂದು ಮಳೆಗಾಲ ಹಳ್ಳ ಬಂದು ಅವಳ ಊರಿನ ರಸ್ತೆ ಮುಚ್ಚಿತು. ಪಾಳಿ ತಪ್ಪಿತು. ಮುಂದಿನ ಪಾಳಿ ಬರುವವರೆಗೆ ನಾಲ್ಕು ದಿನ ಕಾದಳು. ಬಂದಾಗ ಮುಖ ಬಾತು ಕಣ್ಣೇ ತೆರೆಯುತ್ತಿರಲಿಲ್ಲ, ಮೂರು ಮೆಟ್ಟಿಲು ಹತ್ತಲು ಮೂರು ಸಲ ಕುಳಿತಳು. ಅವನು ಮೂಲೆಯಿಂದ ಎಲ್ಲವನ್ನೂ ನೋಡಿದ. ಅನ್ನ ಮುಟ್ಟದೆ ಎದ್ದುಹೋದ. ಮರುದಿನ ಬಂದು ಹೇಳಿದ:

"ಅಕ್ಕಾರ, ನಿಮ್ಮ ತಂಗಿ ಸಲುವಾಗಿ ನಾಕ ಸಾಲ ಬರದೆ. ಪಾಳಿ ತಪ್ಪಿದವ್ರು ಯಾವ ಬಾಗಲದಿಂದ ಕೇಳಿದ್ರೂ ಮರುದಿನದ ಯಾದ್ಯಾಗ ಎಲ್ಲಾರಕಿಂತ ಮ್ಯಾಲ ಬರ್ತಾರ."

"ದೊಡ್ಡ ಡಾಕ್ಟರ್ ಹೂಂ ಅಂದ್ರೇನು?"

"ಅವ್ರನ್ನ ಕೇಳಿದ್ರ ಮೀಟಿಂಗ್ ಮಾಡ್ತಾರ. ಆರ ತಿಂಗಳ. ನಾ ಹಾಕಿಬಿಟ್ಟೆ."

ಆಸ್ಪತ್ರೆಯಲ್ಲಿ ನಿಯಮಗಳ ಒಂದು ರಿಜಿಸ್ಟರ್ ಇತ್ತು. ಏನು ಬದಲಾಯಿಸಿದರೂ ಅದರಲ್ಲಿ ಬರೆದು ದೊಡ್ಡವರ ಸಹಿ ಪಡೆಯಬೇಕು. ಈ ನಾಲ್ಕು ಸಾಲನ್ನು ಅವನು ಅದರಲ್ಲಿ ಬರೆಯಲಿಲ್ಲ. ನನಗೆ ಅವತ್ತು ಅದು ಅವನ ದೊಡ್ಡತನ ಅನಿಸಿತು, ಹೆಚ್ಚಿಗೆ ಒಂದು ಹೋಳಿಗೆ ಹಾಕಿದೆ. ಮುಂದಿನ ವರ್ಷ ಮತ್ತೆ ಹಳ್ಳ ಬಂತು. ತಂಗಿಯ ಸೊಸೆ ಮೊಬೈಲಿನಲ್ಲಿ ಒತ್ತಿದಳು. ಮರುದಿನ ಬೆಳಿಗ್ಗೆ ಮೊದಲ ಯಂತ್ರ ತಂಗಿಗೇ ಸಿಕ್ಕಿತು. ನಾನು ಕಂಪ್ಯೂಟರನ್ನು ನಂಬಿದ್ದು ಅವತ್ತಿನಿಂದ.

ಆಸ್ಪತ್ರೆಯವರು ಆಮೇಲೆ ಹೊಸ ಕಂಪನಿಗೆ ಕೆಲಸ ಕೊಟ್ಟರು. ಎಲ್ಲವನ್ನೂ ಹೊಸದಾಗಿ ಬರೆಯುವುದು ಎಂದಾಯಿತು. ಆ ಕಂಪನಿಯಲ್ಲಿ ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಅವಳೂ ಊಟಕ್ಕೆ ನನ್ನಲ್ಲಿಗೇ ಬರುತ್ತಿದ್ದಳು. ಚುರುಕು, ಮರ್ಯಾದೆಯವಳು. ಒಂದು ಮಧ್ಯಾಹ್ನ ಅವನ ಎದುರಿಗೇ ಕುಳಿತಳು. ಇಬ್ಬರ ನಡುವೆ ನಾನು ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದೆ.

"ಸರ, ನಿಮ್ಮ ಪ್ರೊಸೀಜರ್ ಒಳಗ ಏನ ಐತಿ ಅಂತ ನೋಡಾಕ ಒಂದ ವಾರ ಕುಂತೆ. ಒಂದರಾಗ ಒಂದು, ಅದರಾಗ ಮತ್ತೊಂದು. ಯಾವತ್ತ ಯಾಕ ಬದಲಿ ಮಾಡೀರಿ ಅಂತ ಒಂದ ಅಕ್ಷರಾನೂ ಇಲ್ರಿ."

"ಕೆಲಸಾ ಮಾಡತೈತಿಲ್ಲ?"

"ಮಾಡತೈತ್ರಿ. ಆದ್ರ ನೀವು ಇರೂಮಟಾ. ನಾವು ಪ್ರೋಗ್ರಾಮಿನೊಳಗ ಬರದ್ರ ಯಾರ ಏನ ತಿದ್ದಿದ್ರು ಅನ್ನೂದು ಎಲ್ಲಾ ಉಳೀತೈತಿ. ತಪ್ಪ ಐತೇನು ಅಂತ ಮೊದಲ ಪರೀಕ್ಷಾ ಮಾಡಿ ನೋಡಬಹುದು. ನಾಳೆ ಬ್ಯಾರೆ ಡೇಟಾಬೇಸ್ ತಗೊಂಡ್ರೂ ಕೆಲಸಾ ನಿಲ್ಲಂಗಿಲ್ಲ."

"ಮೂರ ಪ್ರೋಗ್ರಾಮ್ ಅದಾವ. ಮೂರರಾಗೂ ಬರೀತಿ?"

"ಬರೀತೀವ್ರಿ."

"ಮೊಬೈಲಿನ ಪ್ರೋಗ್ರಾಮ್ ಹುಬ್ಬಳ್ಳ್ಯಾಗ ಬ್ಯಾರೆಯವ್ರು ಮಾಡಾಕತ್ಯಾರ. ಅವ್ರು?"

"ಅವ್ರಿಗೂ ಹೇಳ್ತೀವ್ರಿ ಸರ."

"ಹೇಳ್ತೀರಿ" ಎಂದು ಅವನು ಅವಳದೇ ದನಿಯಲ್ಲಿ ಅಣಕಿಸಿದ. ಹುಡುಗಿಯ ಮುಖ ಕೆಂಪಾಯಿತು. ನನಗೆ ಅವನ ಮಾತೂ ಖರೆ ಅನಿಸಿತು, ಅವಳದೂ ಖರೆ ಅನಿಸಿತು. ಅವನಿಗೆ ಹಾಗೇ ಹೇಳಿದೆ. ಇಷ್ಟು ವರ್ಷದಲ್ಲಿ ನನ್ನಿಂದ ಅವನು ಮುಖ ತಿರುಗಿಸಿದ್ದು ಅವತ್ತೊಂದೇ ದಿನ.

ಏಳುವ ಮುಂಚೆ ಹುಡುಗಿ ಮೆತ್ತಗೆ ಕೇಳಿದಳು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ, ಬೇರೆಯವರು ಹೇಳಿದ್ದಲ್ಲ.

"ಸರ, ರಿಜಿಸ್ಟರದಾಗ ಇಲ್ಲದ್ದು ಏನರ ಒಳಗ ಐತೇನ್ರಿ? ಇದ್ರ ಹೇಳ್ರಿ, ನಾ ಬರಕೋತೀನಿ."

ಅವನು ಕೈ ತೊಳೆದು, ಒಂದೊಂದೇ ಬೆರಳು ಒರೆಸಿಕೊಂಡ.

"ಓದು. ಓದಿದ್ರ ಸಿಗತೈತಿ."

ಅವನ ತಲೆಯಲ್ಲಿ ಆ ನಾಲ್ಕು ಸಾಲು ಇತ್ತು. ನನ್ನ ತಲೆಯಲ್ಲೂ ಇತ್ತು. ಬುಟ್ಟಿ ಹಿಡಿದುಕೊಂಡು ನಿಂತವಳು ನಾನು ಯಾಕೆ ಬಾಯಿ ಬಿಡಲಿಲ್ಲ? ಕಲಿತವರ ನಡುವೆ ರೊಟ್ಟಿಯವಳದೇನು ಮಾತು ಎಂದು ಸುಮ್ಮನಾದೆ. ಅವನೇ ಹೇಳುತ್ತಾನೆ, ಇವತ್ತು ಸಿಟ್ಟಿನಲ್ಲಿದ್ದಾನೆ, ನಾಳೆ ಹೇಳುತ್ತಾನೆ ಎಂದುಕೊಂಡೆ. ಅವಳು ಮತ್ತೊಂದು ಸಲ ಬಂದು ಕೇಳಲಿ ಎಂದು ಅವನು ಕಾದ. ಅವಳು ಕೇಳಲಿಲ್ಲ. ಅವನ ಹತ್ತಿರ ಇನ್ನೊಮ್ಮೆ ಹೋಗಲು ಯಾರಿಗೆ ಧೈರ್ಯ? ಒಂದು ತಿಂಗಳಲ್ಲಿ ಅವನು ರಾಜೀನಾಮೆ ಬರೆದುಕೊಟ್ಟು ಲಕ್ಷ್ಮೇಶ್ವರಕ್ಕೆ ಹೋದ. ಹೊಸ ಪ್ರೋಗ್ರಾಮ್ ಶುರುವಾಯಿತು. ಚೆನ್ನಾಗಿ ನಡೆಯಿತು ಎಂದೇ ಹೇಳಬೇಕು. ಕೌಂಟರಿನಲ್ಲಿ ಸಾಲು ಕಡಿಮೆಯಾಯಿತು. ಕೌಂಟರಿನ ಹುಡುಗಿಯರು ನಗುನಗುತ್ತ ಊಟಕ್ಕೆ ಬರತೊಡಗಿದರು.

ಆ ಮಳೆಗಾಲದಲ್ಲಿ ಒಂದು ಸೋಮವಾರ ಹಳ್ಳ ಬಂತು. ತಂಗಿಯ ಪಾಳಿ ತಪ್ಪಿತು. ಮಂಗಳವಾರ ನೀರು ಇಳಿಯಿತು. ಅವಳ ಸೊಸೆ ಮೊಬೈಲಿನಲ್ಲಿ ಕೇಳಿದರೆ ಶುಕ್ರವಾರ ಬನ್ನಿ ಎಂದು ಬಂತು. ತಂಗಿ ನನಗೆ ಫೋನ್ ಮಾಡಿದಳು.

"ಅಕ್ಕಾ, ಶುಕ್ರಾರ ಅನ್ನಾಕತ್ತೈತಿ. ಹ್ವಾದ ಸಲ ಮರುದಿನಾನ ಕೊಟ್ಟಿತ್ತಲಾ? ಹಂಗ ಬಂದಬಿಡ್ಲೇನು? ಕೌಂಟರಿನ್ಯಾಗ ಕುಂತ ಜಗಳಾ ತಗೀತೀನಿ."

"ಬ್ಯಾಡ" ಎಂದೆ. "ಅಂವ ಬರದಾನಲ್ಲ, ಅದು ತಪ್ಪಂಗಿಲ್ಲ. ನಾಳೆ ತಾನ ಮ್ಯಾಲೆ ಬರತೈತಿ. ಸುಮ್ನ ಬಂದು ಬಸ್ಸಿನ್ಯಾಗ ದಣೀಬ್ಯಾಡ."

ನನ್ನ ಬಾಯಿಂದ ಬಂದ ಮಾತು ಇದು. ಬೇರೆ ಯಾರ ತಲೆಗೂ ಕಟ್ಟಲಾರೆ. ಬುಧವಾರ ಮತ್ತೆ ಕೇಳಿದರು, ಮತ್ತೆ ಶುಕ್ರವಾರವೇ ಬಂತು. ಹೊಸ ಪ್ರೋಗ್ರಾಮಿನಲ್ಲಿ ಆ ನಾಲ್ಕು ಸಾಲು ಇರಲೇ ಇಲ್ಲ. ಗುರುವಾರ ಬೆಳಿಗ್ಗೆ ಉಸಿರು ಹತ್ತಿ, ಟೆಂಪೋ ಮಾಡಿಕೊಂಡು ಹೊರಟರು. ಮುಂಡರಗಿ ದಾಟಿ ಸ್ವಲ್ಪ ದೂರ ಬಂದಿದ್ದರು. ಅಷ್ಟರಲ್ಲಿ ಮುಗಿಯಿತು. ಪುಪ್ಪುಸದಲ್ಲಿ ನೀರು ತುಂಬಿತ್ತು ಎಂದರು. ಎರಡು ಲೋಟ ನೀರು ಕುಡಿಯುವವಳಿಗೆ ಅಷ್ಟು ನೀರು ಎಲ್ಲಿಂದ ಬಂತೋ.

ಅವನಿಗೆ ಯಾರು ಹೇಳಿದರೋ. ಹದಿನೈದು ದಿನದ ಮೇಲೆ ಬಂದ. ಊಟದ ಹೊತ್ತು ಮುಗಿದು ಖಾನಾವಳಿ ಖಾಲಿಯಿತ್ತು. ತನ್ನ ಮೂಲೆಗೆ ಹೋಗದೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಳಿತ. ಗಡ್ಡ ಬಂದಿತ್ತು. ನಾನು ತಾಟು ಇಟ್ಟೆ. ಬಂದವರಿಗೆ ತಾಟು ಇಡುವುದು ಕೈಯ ಅಭ್ಯಾಸ.

"ಅಕ್ಕಾರ, ನಾ ಹೇಳಬೇಕಿತ್ತು."

"ಹೌದು. ಹೇಳಬೇಕಿತ್ತು."

"ಆ ಹುಡಿಗಿ ಕೇಳಿದ್ಲು."

"ಕೇಳಿದ್ಲು. ನಾನೂ ಅಲ್ಲೇ ಇದ್ದೆ."

"ಒಂದ ಮಾತ. ನಾಕ ಸಾಲ ಐತವಾ, ನೋಡು ಅಂದಿದ್ರ ಸಾಕಿತ್ತು."

ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಬಿಡು ತಮ್ಮಾ ಎನ್ನುತ್ತಿದ್ದರೇನೋ. ನನ್ನ ಬಾಯಿಂದ ಬರಲಿಲ್ಲ. ಸಮಾಧಾನ ಹೇಳಿದ್ದರೆ ಅವನಿಗೆ ಹೇಳಿದಂತೆ ಮಾಡಿ ನನಗೇ ಹೇಳಿಕೊಂಡಂತಾಗುತ್ತಿತ್ತು. ಅವನು ರೊಟ್ಟಿ ತಟ್ಟಿ ನೋಡಲಿಲ್ಲ. ಅರ್ಧ ಉಂಡು ಎದ್ದು, ತಾಟನ್ನು ತಾನೇ ತೊಳೆದಿಟ್ಟು ಹೋದ. ಅದೇ ಕೊನೆ. ಲಕ್ಷ್ಮೇಶ್ವರದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದನಂತೆ. ಯಾರಾದರೂ ಸಂದೇಹ ಕೇಳಿದರೆ ಹತ್ತು ಸಲವಾದರೂ ಹೇಳುತ್ತಿದ್ದನಂತೆ, ಕೇಳದವರಿಗೂ ಕರೆದು ಹೇಳುತ್ತಿದ್ದನಂತೆ. ಎರಡು ವರ್ಷದಲ್ಲಿ ಎದೆ ನಿಂತಿತು.

ಬೆಟಗೇರಿಯ ಹುಡುಗಿಗೆ ಆ ನಾಲ್ಕು ಸಾಲಿನ ವಿಷಯ ನಾನೇ ಹೇಳಿದೆ, ತಂಗಿಯ ದಿನಕರ್ಮ ಮುಗಿದ ವಾರ. ಪೆನ್ನು ತೆಗೆದು ಕೈಮೇಲೆ ಬರೆದುಕೊಂಡಳು. ಬರೆಯುತ್ತ ಅತ್ತಳು. "ಅಜ್ಜಿ, ನಾ ಒಂದ ವಾರ ಓದಿದೆ. ಆ ಸಾಲ ನೋಡಿರಬೇಕು ನಾನು. ಯಾಕ ಐತಿ ಅಂತ ತಿಳೀಲಿಲ್ಲ, ಹಳೇದು ಇರಬೇಕಂತ ಬಿಟ್ಟೆ" ಎಂದಳು. ಒಂದು ವಾರದಲ್ಲಿ ಕೌಂಟರಿಗೂ ನರ್ಸುಗಳ ಕೋಣೆಗೂ ಹಾಕಿದಳು. ಮೊಬೈಲಿನದು ಹುಬ್ಬಳ್ಳಿಯವರದು, ಅವರಿಗೆ ಬರೆದು ಕಳಿಸಿದ್ದೇನೆ, ಮಾಡುತ್ತಾರೆ ಎಂದಳು. ಅವಳಿಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಹೋದಳು. ಹುಬ್ಬಳ್ಳಿಯವರೂ ಬದಲಾದರು ಎಂದು ಕೇಳಿದೆ.

ಅವನು ಸತ್ತ ಸುದ್ದಿ ಬಂದ ಮರುವಾರ ಶಿರಹಟ್ಟಿಯ ಕಡೆಯ ಒಬ್ಬ ಹೆಂಗಸು ಊಟಕ್ಕೆ ಬಂದಳು. ಮುಖ ಬಾತಿತ್ತು. ಆ ಬಾವು ನನಗೆ ಗೊತ್ತು. ಬಸ್ ತಪ್ಪಿ ನಿನ್ನೆಯ ಪಾಳಿ ಹೋಯಿತು, ಮೊಬೈಲಿನಲ್ಲಿ ಮಗ ಕೇಳಿದರೆ ಮೂರು ದಿನ ಬಿಟ್ಟು ಬರಲು ಹೇಳಿದೆ, ತಡೆಯದೆ ಹಾಗೇ ಬಂದೆ ಎಂದಳು. ನಾನು ಕೈ ತೊಳೆದು, ಅವಳ ರಟ್ಟೆ ಹಿಡಿದು, ಕೌಂಟರಿಗೆ ಕರೆದುಕೊಂಡು ಹೋದೆ.

ಅಲ್ಲಿದ್ದವಳು ಹೊಸಬಳು. ಕಂಪ್ಯೂಟರ್ ನೋಡಿ, "ಮೊಬೈಲಿನ್ಯಾಗ ತಾರೀಖ ಕೊಟ್ಟದ್ದು ಇಲ್ಲೆ ಬದಲಿ ಮಾಡಾಕ ಬರಂಗಿಲ್ಲ ಅಜ್ಜಿ" ಎಂದಳು.

"ಪಾಳಿ ತಪ್ಪಿದವ್ರನ್ನ ಮ್ಯಾಲ ಹಾಕಬೇಕವಾ. ನಿಯಮ ಐತಿ."

"ಯಾವ ನಿಯಮ? ಎಲ್ಲೆ ಐತಿ?"

ಒಳಗೆ ಇತ್ತು ಎಂದೆ. ಯಾರು ಬರೆದದ್ದು ಎಂದು ಕೇಳಿದಳು. ಹೇಳಿದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಳು. ಸುಳ್ಳು ಹೇಳಲಿಲ್ಲ ಪಾಪ.

ಶಿರಹಟ್ಟಿಯ ಹೆಂಗಸು ಕೌಂಟರಿನ ಕಟ್ಟೆಗೆ ಆತು ನಿಂತು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡುತ್ತಿದ್ದಳು. "ಹೋಗ್ಲೇನ್ರಿ ಅವ್ವಾರ ಹಂಗಾರ?" ಎಂದು ನನ್ನನ್ನೇ ಕೇಳಿದಳು. ಹೋಗಬೇಡ ಎಂದೆ. ಅಲ್ಲೇ ನೆಲದ ಮೇಲೆ ಕುಳಿತೆ, ಅವಳನ್ನೂ ಕೂರಿಸಿದೆ. ದೊಡ್ಡ ಡಾಕ್ಟರ್ ಬರಲಿ, ಎಬ್ಬಿಸಲಿ, ಬೈಯಲಿ. ಖಾನಾವಳಿಯಲ್ಲಿ ಊಟದ ಹೊತ್ತಾಗಿತ್ತು, ಸೊಸೆ ಎರಡು ಸಲ ಬಂದು ಕರೆದಳು. ನನ್ನ ಪಕ್ಕದಲ್ಲಿ ಆ ಹೆಂಗಸು ಉಸಿರನ್ನು ಎಣಿಸಿ ಎಣಿಸಿ ಬಿಡುತ್ತಿದ್ದಳು. ಮೂರು ಗಂಟೆಯಾದರೂ ಡಾಕ್ಟರ್ ಬರಲಿಲ್ಲ, ನಾವೂ ಏಳಲಿಲ್ಲ.